ಕ್ರೀಡಾವಿಧಿಗಳಲ್ಲಿ ವಿಕಲ್ಪ: ಯಾವುದು ಗ್ರಾಹ್ಯ, ಯಾವಾಗ ಗ್ರಾಹ್ಯ?

೧. ಪ್ರಶ್ನೆಯ ಸ್ವರೂಪ

ಆಟಗಳ ಇತಿಹಾಸವನ್ನು ಬರೆದ ವಿದ್ವಾಂಸರು ಪ್ರಾಯಶಃ ಎರಡು ಪ್ರಶ್ನೆಗಳನ್ನೇ ವಿಚಾರಿಸಿರುತ್ತಾರೆ: ಆಟವು ಎಲ್ಲಿ ಹುಟ್ಟಿತು, ಎಲ್ಲಿಗೆ ಹರಡಿತು. ಒಂದೇ ಆಟವನ್ನು ಒಂದೇ ಸೀಮೆಯಲ್ಲಿ ಎರಡು ಮೂರು ಬಗೆಯಾಗಿ ಆಡುತ್ತಿರುವಾಗ ಅವುಗಳಲ್ಲಿ ಯಾವ ಬಗೆಯನ್ನು ಒಪ್ಪತಕ್ಕದ್ದು, ಆ ಒಪ್ಪಿಗೆಯನ್ನು ಯಾರು ಯಾವಾಗ ಮಾಡತಕ್ಕದ್ದು ಎಂಬ ಮೂರನೆಯ ಪ್ರಶ್ನೆಯು ಬಹಳ ಮಟ್ಟಿಗೆ ಉಪೇಕ್ಷಿತವಾಗಿಯೇ ಉಳಿದಿದೆ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಯಥಾಮತಿ ವಿಚಾರಿಸಲು ಯತ್ನಿಸಲಾಗಿದೆ.

ಈ ವಿಚಾರಕ್ಕೆ ಪ್ರೇರಣೆಯಾದ ಪ್ರಸಂಗವು ಬಹು ಸಾಮಾನ್ಯವಾದುದು. ಈ ಲೇಖಕನ ಊರಾದ ಕೊಕಟನೂರವು ಅಥಣಿ ತಾಲೂಕಿನಲ್ಲಿ, ಕನ್ನಡ ಮರಾಠಿಗಳು ಕೂಡುವ ಸೀಮೆಯಲ್ಲಿ ಇರುತ್ತದೆ. ಶ್ರಾವಣಮಾಸದ ಒಂದು ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಹುಡುಗರು ಚೌಕಾಬಾರಾ ಆಡುತ್ತಿದ್ದರು. ಇಪ್ಪತ್ತೈದು ಮನೆಗಳ ಪಟ, ನಾಲ್ಕು ಕವಡೆ, ಒಬ್ಬೊಬ್ಬನಿಗೆ ನಾಲ್ಕು ಕಾಯಿ. ಕವಡೆಗಳು ನಾಲ್ಕೂ ಅಂಗಾತ ಬಿದ್ದರೆ ಚೌಕ, ಎಂದರೆ ನಾಲ್ಕು; ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂದರೆ ಎಂಟು. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಎದುರಾಳಿಯ ಕಾಯಿಯೊಂದನ್ನಾದರೂ ಹೊಡೆಯದೆ ತನ್ನ ಕಾಯಿಯನ್ನು ಒಳಸುತ್ತಿಗೆ ನಡೆಯಿಸಬಹುದೇ? ಜೋಡಿಯಾಗಿ ಕುಳಿತ ಎರಡು ಕಾಯಿಗಳನ್ನು ಒಂಟಿ ಕಾಯಿಯು ದಾಟಬಹುದೇ? ಚೌಕವೋ ಬಾರಾವೋ ಮೂರು ಸಲ ಮೇಲಿಂದ ಮೇಲೆ ಬಿದ್ದರೆ ಆ ಎಣಿಕೆಯು ಉಳಿಯುವುದೋ ಅಳಿಯುವುದೋ? ಅಥಣಿಯ ಹುಡುಗನು ಒಂದು ಹೇಳಿದನು. ಸಾಂಗಲಿಯಿಂದ ಬಂದಿದ್ದ ನಂಟರ ಹುಡುಗನು ಇನ್ನೊಂದು ಹೇಳಿದನು. ಜಗಳವು ಏರಿತು. ಆಗ ಒಳಗಿನಿಂದ ಬಂದ ಮನೆಯ ಹಿರಿಯಳು, "ಕವಡಿ ಕೈಯಾಗ ಹಿಡಿಯೂ ಮೊದಲ ಹೇಳಬೇಕಿತ್ತಪಾ, ಕಾಯಿ ಹಣ್ಣಾಗೂ ಹೊತ್ತಿನಾಗ ಹೇಳಿದ್ರ ಏನ ಬಂತು?" ಎಂದು ತೀರ್ಪನ್ನಿತ್ತಳು.

ಯಾರ ನಿಯಮವು ಸರಿ ಎಂಬುದನ್ನು ಆಕೆಯು ಹೇಳಲೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎರಡೂ ಸರಿಯಾಗಬಹುದು, ಆದರೆ ಆರಿಸುವ ಕಾಲವು ಮೀರಿತು ಎಂಬುದೇ ಆಕೆಯ ಅಭಿಪ್ರಾಯವು. ಮುದ್ರಿತ ನಿಯಮಪುಸ್ತಕಗಳ ಪರಿಚಯವುಳ್ಳ ಕೆಲವರು ನಮ್ಮ ದೇಶೀ ಆಟಗಳಲ್ಲಿರುವ ಈ ನಾನಾತ್ವವನ್ನು ಕಂಡು, ಇವು ಅವ್ಯವಸ್ಥಿತವಾದ ಆಟಗಳೆಂದೂ ಅಪಭ್ರಷ್ಟವಾದ ರೂಪಗಳೆಂದೂ ಹೇಳುವುದುಂಟು. ಆ ಮತವು ಸಾಧುವಲ್ಲವೆಂದೂ, ನಾನಾತ್ವಕ್ಕೂ ಅವ್ಯವಸ್ಥೆಗೂ ಇರುವ ಭೇದವನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ನಿರ್ಣಯಿಸಿದ್ದರೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೨. ಮೀಮಾಂಸಕರ ವಿಕಲ್ಪನಿರ್ಣಯ

ಐಚ್ಛಿಕವಾದ ವಿಧಿಗಳನ್ನು ಕುರಿತು ಮೀಮಾಂಸಕರಷ್ಟು ಸೂಕ್ಷ್ಮವಾಗಿ ವಿಚಾರಮಾಡಿದವರು ವಿರಳ. ಯಾಗದ ಪುರೋಡಾಶಕ್ಕೆ ಭತ್ತವನ್ನೂ ಶ್ರುತಿಯು ಹೇಳುತ್ತದೆ, ಜವೆಯನ್ನೂ ಹೇಳುತ್ತದೆ. ಎರಡರ ಪ್ರಯೋಜನವೂ ಒಂದೇ. ಒಂದರಿಂದ ಕಾರ್ಯವು ಸಿದ್ಧಿಸಿದ ಮೇಲೆ ಇನ್ನೊಂದಕ್ಕೆ ಅವಕಾಶವಿಲ್ಲ. ಇಂತಹ ಸ್ಥಳದಲ್ಲಿ ಮಾತ್ರ ವಿಕಲ್ಪವು. ಪ್ರಯೋಜನಗಳು ಬೇರೆ ಬೇರೆಯಾಗಿದ್ದರೆ ಎರಡನ್ನೂ ಕೂಡಿಸಬೇಕು, ಅದು ಸಮುಚ್ಚಯವು.

ಆದರೂ ಮೀಮಾಂಸಕರು ವಿಕಲ್ಪವನ್ನು ಸಂತೋಷದಿಂದ ಒಪ್ಪಿದವರಲ್ಲ. ವಿಕಲ್ಪಕ್ಕೆ ಎಂಟು ದೋಷಗಳೆಂಬುದು ಅವರಲ್ಲಿ ಪ್ರಸಿದ್ಧವಾಗಿದೆ. ಜವೆಯಿಂದ ಯಾಗಮಾಡುವ ದಿನ ಭತ್ತದ ವಾಕ್ಯಕ್ಕೆ ಇದ್ದ ಪ್ರಾಮಾಣ್ಯವನ್ನು ಬಿಡಬೇಕು, ಇಲ್ಲದ ಅಪ್ರಾಮಾಣ್ಯವನ್ನು ಅದರ ಮೇಲೆ ಹೊರಿಸಬೇಕು. ಮತ್ತೊಂದು ದಿನ ಭತ್ತವನ್ನು ತೆಗೆದುಕೊಂಡರೆ ಬಿಟ್ಟ ಪ್ರಾಮಾಣ್ಯವನ್ನು ಮರಳಿ ಒಪ್ಪಬೇಕು, ಹೊರಿಸಿದ ಅಪ್ರಾಮಾಣ್ಯವನ್ನು ಮರಳಿ ಕಳೆಯಬೇಕು. ಭತ್ತದ ವಾಕ್ಯದಲ್ಲಿ ಹೀಗೆ ನಾಲ್ಕು, ಜವೆಯ ವಾಕ್ಯದಲ್ಲಿ ನಾಲ್ಕು, ಒಟ್ಟು ಎಂಟು. ಆದುದರಿಂದ ಗತ್ಯಂತರವಿದ್ದಲ್ಲಿ ವಿಕಲ್ಪವನ್ನು ಒಪ್ಪಬಾರದೆಂಬುದು ಅವರ ಸಿದ್ಧಾಂತ. ವಾಕ್ಯಗಳೆರಡೂ ಬೇರೆ ಬೇರೆ ಶಾಖೆಯವರಿಗೆ, ಅಥವಾ ಬೇರೆ ಬೇರೆ ಸಂದರ್ಭಗಳಿಗೆ ಸಲ್ಲುತ್ತವೆಯೆಂದು ತೋರಿಸಬಹುದಾದರೆ ಅದು ವ್ಯವಸ್ಥಿತವಿಕಲ್ಪವು, ಅದರಲ್ಲಿ ದೋಷವಿಲ್ಲ. ತೋರಿಸಲಾಗದಿದ್ದರೆ ಮಾತ್ರ ಐಚ್ಛಿಕವಿಕಲ್ಪವು.

ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತವಾದುದು ಜೈಮಿನಿಯ ಆರನೆಯ ಅಧ್ಯಾಯದ ಪ್ರತಿನಿಧಿವಿಚಾರವು. ಐಚ್ಛಿಕವಾದ ಎರಡು ದ್ರವ್ಯಗಳಲ್ಲಿ ಒಂದನ್ನು ಹಿಡಿದು ಪ್ರಯೋಗವನ್ನು ಆರಂಭಿಸಿದ್ದಾನೆ. ನಡುವೆ ಆ ದ್ರವ್ಯವು ನಷ್ಟವಾಯಿತು. ಈಗ ಎರಡನೆಯ ದ್ರವ್ಯವನ್ನು ತರಬಹುದೇ? ಕೂಡದೆಂಬುದೇ ಸಿದ್ಧಾಂತ. ಆರಂಭದಲ್ಲಿ ಹಿಡಿದ ದ್ರವ್ಯವನ್ನು ಹೋಲುವ ಪ್ರತಿನಿಧಿಯನ್ನೇ ತರಬೇಕು. ಎರಡನೆಯದೂ ವಿಹಿತವೇ, ಕೈಗೆಟಕುವಂತಹದೇ. ಆದರೂ ಈ ಪ್ರಯೋಗಕ್ಕೆ ಅದು ಅನ್ಯವಾಗಿ ಹೋಯಿತು. ವಿಕಲ್ಪದ ಸ್ವಾತಂತ್ರ್ಯವು ಆರಂಭದ ವರೆಗೆ ಮಾತ್ರ. ಆರಂಭವಾದ ಮೇಲೆ ಅದು ನಿಯಮವೇ. ಕೊಕಟನೂರದ ಹಿರಿಯಳು ಹೇಳಿದುದೂ ಇದನ್ನೇ.

ವೈಯಾಕರಣರೂ ಇಲ್ಲಿ ಸ್ಮರಣೀಯರು. ಪಾಣಿನಿಯು ವಿಕಲ್ಪಾರ್ಥದಲ್ಲಿ ವಾ, ವಿಭಾಷಾ, ಅನ್ಯತರಸ್ಯಾಂ ಎಂಬ ಮೂರು ಶಬ್ದಗಳನ್ನು ಬಳಸಿರುವನು. ಮೂರೂ ಸಮಾನಾರ್ಥಕಗಳೆಂದು ನಮ್ಮ ವ್ಯಾಖ್ಯಾನಪರಂಪರೆಯು ಹೇಳುತ್ತ ಬಂದಿದೆ. ೧೯೭೯ರಲ್ಲಿ ಪಾಲ್ ಕಿಪಾರ್ಸ್ಕಿ ಎಂಬ ಪಾಶ್ಚಾತ್ಯ ಪಂಡಿತನು ಇದನ್ನು ಅಲ್ಲಗಳೆದು, ಪ್ರಾಯಶಃ ಇಷ್ಟವಾದ ವಿಕಲ್ಪಕ್ಕೆ ವಾ, ಪ್ರಾಯಶಃ ಇಷ್ಟವಲ್ಲದುದಕ್ಕೆ ವಿಭಾಷಾ, ಎರಡೂ ಸಮವಾದುದಕ್ಕೆ ಅನ್ಯತರಸ್ಯಾಂ ಎಂದು ವಿಭಾಗಿಸಿದನು. ಈ ಮತವನ್ನು ಪೂರ್ಣವಾಗಿ ಒಪ್ಪಲಿ ಬಿಡಲಿ, ಐಚ್ಛಿಕವಾದುವುಗಳೆಲ್ಲ ಒಂದೇ ತೂಕದವಲ್ಲವೆಂಬ ಮಾತು ವಿಚಾರಾರ್ಹವಾದುದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠಹೇಳುವ ಅಧ್ಯಾಪಕರಿಗೆ ಇದರ ಅನುಭವವಿದ್ದೇ ಇರುತ್ತದೆ.

೩. ಸಭಾಪರ್ವದ ದ್ಯೂತ

ವಿಕಲ್ಪವನ್ನು ಆರಂಭದಲ್ಲಿ ನಿರ್ಣಯಿಸದಿದ್ದರೆ ಏನಾಗುವುದೆಂಬುದಕ್ಕೆ ಮಹಾಭಾರತಕ್ಕಿಂತ ದೊಡ್ಡ ಉದಾಹರಣೆಯು ಬೇಕಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ಪಣವನ್ನೊಡ್ಡುವವನು ದುರ್ಯೋಧನ, ದಾಳವನ್ನೆಸೆಯುವವನು ಶಕುನಿ ಎಂದು ತಿಳಿದಾಗ, ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ತನಗೆ ವಿಷಮವಾಗಿ ತೋರುವುದೆಂದು ಧರ್ಮರಾಯನು ಆಕ್ಷೇಪಿಸುತ್ತಾನೆ. ಆಟದಲ್ಲಿ ಪ್ರತಿನಿಧಿಯು ಸಲ್ಲುವನೋ ಇಲ್ಲವೋ ಎಂಬುದು ಶುದ್ಧವಾದ ವಿಕಲ್ಪಪ್ರಶ್ನೆಯು. ಆಕ್ಷೇಪವನ್ನು ತಕ್ಕ ಕಾಲದಲ್ಲಿಯೇ ಎತ್ತಿದನು. ಆದರೆ ನಿರ್ಣಯವಾಗುವ ಮೊದಲೇ ಆಡತೊಡಗಿದನು. ಆಡತೊಡಗಿದುದೇ ಒಪ್ಪಿಗೆಯಾಯಿತು.

ಎರಡನೆಯ ಪ್ರಶ್ನೆಯು ಇದಕ್ಕಿಂತ ಭಯಂಕರವಾದುದು. ತನ್ನನ್ನು ತಾನು ಸೋತವನು ಅನಂತರ ಇನ್ನೊಬ್ಬರನ್ನು ಒಡ್ಡಬಹುದೇ? ಈ ವಿಧಿಯನ್ನು ಆಟದ ಮೊದಲು ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ದ್ರೌಪದಿಯು ಇದನ್ನು ಕೇಳಿದಾಗ ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ನಿರ್ಣಯಿಸಲಾರದೆ ಹೋದನು. ವಿಕರ್ಣನು ಅವಳು ಗೆಲ್ಲಲ್ಪಟ್ಟವಳಲ್ಲವೆಂದನು. ಕರ್ಣನು ಅದನ್ನು ಖಂಡಿಸಿದನು. ಪಣವು ಬಿದ್ದ ಮೇಲೆ ವಿಧಿಯನ್ನು ವಿಚಾರಿಸಹೊರಟರೆ ಪ್ರತಿಯೊಬ್ಬನ ಮತವೂ ಅವನವನ ಪಕ್ಷವನ್ನೇ ಅನುಸರಿಸುತ್ತದೆಯೆಂಬುದಕ್ಕೆ ಇದೇ ನಿದರ್ಶನ.

ಅನುದ್ಯೂತದಲ್ಲಿ ಎರಡೂ ಪಕ್ಷದವರು ಪಾಠವನ್ನು ಕಲಿತಂತೆ ತೋರುತ್ತದೆ. ಹನ್ನೆರಡು ವರ್ಷ ವನವಾಸ, ಹದಿಮೂರನೆಯದು ಅಜ್ಞಾತವಾಸ, ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಎಂದು ನಿಯಮವನ್ನು ಮೊದಲೇ ಸಾರಿದರು. ಆದರೂ ಒಂದು ಎಳೆಯು ತಪ್ಪಿಹೋಯಿತು. ವರ್ಷವನ್ನು ಎಣಿಸುವ ಕ್ರಮವಾವುದು? ವಿರಾಟಪರ್ವದಲ್ಲಿ ಅರ್ಜುನನು ಕಾಣಿಸಿಕೊಂಡಾಗ ಅವಧಿಯು ಮುಗಿಯಲಿಲ್ಲವೆಂದು ದುರ್ಯೋಧನನು ವಾದಿಸಿದನು. ಐದೈದು ವರ್ಷಕ್ಕೆ ಎರಡು ಅಧಿಕಮಾಸಗಳು ಬೀಳುವುವೆಂದೂ, ಹದಿಮೂರು ವರ್ಷಗಳಲ್ಲಿ ಐದು ತಿಂಗಳು ಹನ್ನೆರಡು ರಾತ್ರಿಗಳು ಹೆಚ್ಚಾಗುವುವೆಂದೂ ಲೆಕ್ಕಹಾಕಿ ಭೀಷ್ಮನು ಅವಧಿಯು ಮುಗಿದಿದೆಯೆಂದನು. ಅಧಿಕಮಾಸವನ್ನು ಹಿಡಿಯುವುದು ಬಿಡುವುದು ಎಂಬ ಒಂದು ವಿಕಲ್ಪವನ್ನು ಹೇಳದೆ ಬಿಟ್ಟುದರಿಂದ ಮೊದಲೇ ಸಾರಿದ ನಿಯಮವೂ ವಿವಾದಕ್ಕೆ ಎಡೆಯಾಯಿತು. ಯುದ್ಧಕ್ಕೆ ಕಾರಣಗಳು ಅನೇಕ; ಆದರೆ ಎರಡೂ ಪಕ್ಷದವರು ತಾವೇ ಮಾತಿನಂತೆ ನಡೆದವರೆಂದು ಹೇಳಿಕೊಳ್ಳಲು ಈ ಎಳೆಯು ಎಡೆಕೊಟ್ಟಿತು.

೪. ಕಲ್ಯಾಣದ ಶಾಸ್ತ್ರಕಾರರು, ಮೈಸೂರಿನ ದೊರೆ

ಪುರಾಣೇತಿಹಾಸದಿಂದ ನಮ್ಮ ನಾಡಿನ ಚರಿತ್ರೆಗೆ ಬರೋಣ. ದ್ಯೂತವನ್ನು ಸರ್ವಥಾ ನಿಷೇಧಿಸಬೇಕೆಂಬುದು ಮನುವಿನ ಮತವು. ಯಾಜ್ಞವಲ್ಕ್ಯನು ಅಷ್ಟು ದೂರ ಹೋಗದೆ, ಸಭಿಕನೆಂಬ ಅಧಿಕಾರಿಯ ಕೈಕೆಳಗೆ ಅದನ್ನು ಒಂದೇ ಕಡೆ ನಡೆಯಿಸಬೇಕೆನ್ನುತ್ತಾನೆ. ನೂರು ಅಥವಾ ಅದಕ್ಕಿಂತ ಹೆಚ್ಚಿನ ಗೆಲವಿನಲ್ಲಿ ಸಭಿಕನಿಗೆ ನೂರಕ್ಕೆ ಐದು, ಕಡಿಮೆಯದರಲ್ಲಿ ನೂರಕ್ಕೆ ಹತ್ತು. ಅವನು ಅರಸನಿಗೆ ಕೊಡತಕ್ಕ ಭಾಗವು ಮೊದಲು ಒಪ್ಪಿಕೊಂಡಂತೆಯೇ ಇರಬೇಕು, ಗೆದ್ದವನಿಗೆ ಗೆದ್ದುದನ್ನು ಕೊಡಿಸಬೇಕು, ಸತ್ಯವನ್ನು ನುಡಿಯಬೇಕು. ದ್ಯೂತದ ವ್ಯವಹಾರವನ್ನು ನೋಡತಕ್ಕವರೂ ಸಾಕ್ಷಿಗಳೂ ಆಟಗಾರರೇ ಎಂಬ ಅವನ ವಚನವು ವಿಶೇಷವಾಗಿ ಗಮನಾರ್ಹ. ಆಟದ ವಿಧಿಯನ್ನು ಆಡುವವರೇ ಬಲ್ಲರು. ಅದನ್ನು ಹೊರಗಿನವನು ನಿರ್ಣಯಿಸಲಾರನು ಎಂಬುದು ಇದರ ತಾತ್ಪರ್ಯವೆಂದು ತೋರುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನೆಂಬುದು ಸರ್ವವಿದಿತ.

ಆ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರನು. ಅವನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ ನೂರು ಅಧ್ಯಾಯಗಳ ಗ್ರಂಥವು. ಕಡೆಯ ವಿಂಶತಿಯು ಕ್ರೀಡೆಗಳಿಗೇ ಮೀಸಲು; ಚತುರಂಗ, ಪಾಶಕ, ವರಾಟಿಕೆ ಎಂಬವಕ್ಕೆ ಅಲ್ಲಿ ಬೇರೆ ಬೇರೆ ನಿರೂಪಣೆಗಳಿವೆ. ಬಡೋದೆಯ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರು ಸಂಪಾದಿಸಿದ ಇದರ ಮೂರನೆಯ ಸಂಪುಟವು ೧೯೬೧ರಲ್ಲಿ ಹೊರಬಂದುದರಿಂದ, ೧೯೧೩ರಲ್ಲಿ ಚದುರಂಗದ ಬೃಹದಿತಿಹಾಸವನ್ನು ಬರೆದ ಮರ್ರೆ ಎಂಬ ಆಂಗ್ಲ ವಿದ್ವಾಂಸನಿಗೆ ಇದರ ಉಪಯೋಗವು ಸಿಕ್ಕಲಿಲ್ಲ. ಕವಡೆಯ ಆಟವೂ ದಾಳದ ಆಟವೂ ಅರಸನ ಗ್ರಂಥದಲ್ಲಿ ಒಂದೊಂದು ಪ್ರಕರಣಕ್ಕೆ ಯೋಗ್ಯವೆನಿಸಿದುವೆಂಬುದೇ ನಮಗೆ ಇಲ್ಲಿ ಮುಖ್ಯ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇದೇ ಪರಂಪರೆಯನ್ನು ಮುಂದುವರಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯು ಆಟಗಳ ಭಂಡಾರವು. ಅಲ್ಲಿಯ ಛದಗಳು, ಎಂದರೆ ಗಂಜೀಫಾ ಜಾತಿಯ ಎಲೆಯಾಟಗಳು, ೩೬ ಎಲೆಗಳಿಂದ ೩೬೦ ಎಲೆಗಳ ವರೆಗೆ ವಿಸ್ತಾರಗೊಳ್ಳುತ್ತವೆ. ಚಾಮುಂಡೇಶ್ವರೀ ಛದವೊಂದಕ್ಕೇ ೩೨೦ ಎಲೆಗಳು. ಇಲ್ಲಿ ಒಡೆಯರು ಮಾಡಿದ ಒಂದು ಉಪಕಾರವನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ. ಒಂದು ಆಟಕ್ಕೆ ನೂರು ವಿಕಲ್ಪಗಳನ್ನು ತುಂಬಿ ಅದನ್ನು ಭಾರಗೊಳಿಸುವುದರ ಬದಲು, ಪ್ರತಿಯೊಂದು ಭೇದಕ್ಕೂ ಅವರು ಬೇರೆ ಹೆಸರನ್ನಿಟ್ಟರು. ಹೆಸರು ಬೇರೆಯಾದೊಡನೆ ಐಚ್ಛಿಕವಿಕಲ್ಪವು ವ್ಯವಸ್ಥಿತವಿಕಲ್ಪವಾಗುತ್ತದೆ. ಚಾಮುಂಡೇಶ್ವರೀ ಛದವನ್ನು ಆಡೋಣವೆಂದ ಮಾತ್ರದಿಂದಲೇ ಇಷ್ಟು ಎಲೆ, ಇಂತಹ ಕ್ರಮ ಎಂಬುದು ನಿರ್ಣೀತವಾಯಿತು. ಜಗಳಕ್ಕೆ ಎಡೆಯೇ ಉಳಿಯಲಿಲ್ಲ.

೫. ಬುದ್ಧಿಬಲದ ಉದಾಹರಣೆ

ಈಗ ನಮ್ಮ ಸೀಮೆಯ ಬುದ್ಧಿಬಲವನ್ನು ಪರೀಕ್ಷಿಸೋಣ. ಚದುರಂಗಕ್ಕೆ ಅಥಣಿ, ಚಿಕ್ಕೋಡಿ, ಸಾಂಗಲಿಗಳ ಕಡೆ ಬುದ್ಧಿಬಲವೆಂಬ ಹೆಸರು ಬಳಕೆಯಲ್ಲಿದೆ. ಭಾರತದ ಬೇರೆ ಬೇರೆ ಪ್ರಾಂತಗಳಲ್ಲಿ ರೂಢವಾಗಿದ್ದ ದೇಶೀ ಚದುರಂಗದ ನಿಯಮಗಳನ್ನು ಮರ್ರೆಯು ಸಂಗ್ರಹಿಸಿ ಕೊಟ್ಟಿರುವನು. ಪದಾತಿಯು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯತಕ್ಕದ್ದು. ಕೆಲವೆಡೆ ಕೆಲವು ಪದಾತಿಗಳಿಗೆ ಮಾತ್ರ ಎರಡು ಮನೆಯ ಅನುಮತಿಯುಂಟು. ರಾಜನು, ತನಗೆ ಇನ್ನೂ ಶಹ ಬೀಳದಿದ್ದರೆ, ಒಂದು ಸಲ ಕುದುರೆಯಂತೆ ಜಿಗಿಯಬಹುದು. ಕಡೆಯ ಮನೆಯನ್ನು ಮುಟ್ಟಿದ ಪದಾತಿಯು ಯಾವ ಸಾಲಿನಲ್ಲಿ ನಡೆಯಿತೋ ಆ ಸಾಲಿನ ಒಡೆಯನೇ ಆಗುವುದು: ಆನೆಯ ಸಾಲಿನದು ಆನೆ, ಕುದುರೆಯ ಸಾಲಿನದು ಕುದುರೆ. ಎದುರಾಳಿಯ ರಾಜನೊಬ್ಬನೇ ಉಳಿದು ಉಳಿದುದೆಲ್ಲ ಹೊಡೆದುಹೋದರೆ ಅದು ಬುರ್ಜು. ಪೂರ್ಣ ಗೆಲವೆಂದು ಗಣನೆಗೆ ಬಾರದು. ಇವುಗಳಲ್ಲಿ ಪ್ರತಿಯೊಂದಕ್ಕೂ ಪ್ರಾಂತಭೇದವುಂಟು.

ಮೇಲಿನ ಒರೆಗಲ್ಲುಗಳಿಂದ ಇವನ್ನು ತಿಕ್ಕಿ ನೋಡಬಹುದು. ರಾಜನ ಜಿಗಿತವೂ ಪಾಶ್ಚಾತ್ಯರ ಕೋಟೆಕಟ್ಟುವ ನಡೆಯೂ ಒಂದೇ ಪ್ರಯೋಜನವುಳ್ಳವು. ಎರಡೂ ರಾಜನನ್ನು ನಡುಬಯಲಿನಿಂದ ಬೇಗನೆ ಸುರಕ್ಷಿತ ಸ್ಥಾನಕ್ಕೆ ಒಯ್ಯುತ್ತವೆ. ಏಕಾರ್ಥಗಳಾದುದರಿಂದ ಇವುಗಳಲ್ಲಿ ವಿಕಲ್ಪವು ಸಲ್ಲುತ್ತದೆ, ಸಮುಚ್ಚಯವು ಸಲ್ಲದು. ಎರಡನ್ನೂ ಒಂದೇ ಆಟದಲ್ಲಿ ಅನುಮತಿಸಿದರೆ ರಾಜನನ್ನು ಬೆನ್ನಟ್ಟುವವನ ಶ್ರಮವು ವ್ಯರ್ಥವಾಗುವುದು. ಬುರ್ಜಿನ ನಿಯಮವು ಹಾಗಲ್ಲ. ಅದನ್ನು ಒಪ್ಪಿದರೆ ಗೆಲ್ಲುವ ಪಕ್ಷದವನು ಎದುರಾಳಿಯ ಕಡೆಯ ಕಾಯಿಯನ್ನು ಹೊಡೆಯದೆ ಉಳಿಸಿಕೊಂಡೇ ರಾಜನನ್ನು ಕಟ್ಟಬೇಕು. ಆಟದ ಅಂತ್ಯಭಾಗದ ಯುಕ್ತಿಯೆಲ್ಲ ಬೇರೆಯಾಗುತ್ತದೆ. ಇಂತಹ ವಿಧಿಯನ್ನು ಒಂದು ಸಣ್ಣ ವಿಕಲ್ಪವೆಂದು ಎಣಿಸಲಾಗದು. ಇದನ್ನು ಒಪ್ಪಿದ ಆಟಕ್ಕೆ ಒಡೆಯರ ಮಾರ್ಗದಲ್ಲಿ ಬೇರೆ ಹೆಸರೇ ಯುಕ್ತವು.

ದೇಶೀ ನಿಯಮಗಳಿಂದ ಪಾಶ್ಚಾತ್ಯ ನಿಯಮಗಳಿಗೆ ಆದ ಪರಿವರ್ತನೆಯು ಒಂದು ದಿನದ್ದಲ್ಲ. ೧೮೧೪ರಲ್ಲಿಯೇ ತಿರುವೇಂಗಡಾಚಾರ್ಯ ಶಾಸ್ತ್ರಿಗಳ ಚದುರಂಗಪ್ರಬಂಧಗಳು ಮುಂಬಯಿಯಲ್ಲಿ ಅಚ್ಚಾದಾಗ, ಸಂಸ್ಕೃತ ಮೂಲದ ಸಮಸ್ಯೆಗಳನ್ನು ಯುರೋಪಿನ ಆಟಕ್ರಮಕ್ಕೆ ಹೊಂದಿಸಿದೆಯೆಂದು ಮುಖಪತ್ರದಲ್ಲಿಯೇ ಹೇಳಲಾಯಿತು. ಯಾವ ವಿಧಿಯನ್ನು ಹಿಡಿದಿದೆಯೆಂಬುದನ್ನು ಮೊದಲ ಪುಟದಲ್ಲಿಯೇ ಸಾರಿದುದು ಶಾಸ್ತ್ರೋಚಿತವಾಗಿದೆ. ಪಂಜಾಬದ ಮೀರ್ ಸುಲ್ತಾನ್ ಖಾನನು ಬಾಲ್ಯದಲ್ಲಿ ದೇಶೀ ನಿಯಮಗಳನ್ನು ಕಲಿತು, ಅನಂತರ ಪಾಶ್ಚಾತ್ಯ ನಿಯಮಗಳನ್ನು ಅಭ್ಯಾಸಮಾಡಿ, ೧೯೨೯, ೧೯೩೨, ೧೯೩೩ ಈ ಮೂರು ವರ್ಷಗಳಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದನು. ಅಪಭ್ರಷ್ಟವಾದ ಆಟದಿಂದ ಇಂತಹ ಬುದ್ಧಿಯು ಹೇಗೆ ಬೆಳೆದೀತು? ನಮ್ಮ ನೆರೆಯ ಸಾಂಗಲಿಯಲ್ಲಿ ೧೯೪೧ರಲ್ಲಿ ನೂತನ ಬುದ್ಧಿಬಲ ಮಂಡಳವು ಸ್ಥಾಪಿತವಾಯಿತು. ಭಾವೂಸಾಹೇಬ ಪಡಸಲಗೀಕರರ ಹೆಸರು ಅದರೊಡನೆ ಚಿರಸ್ಥಾಯಿಯಾಗಿದೆ. ೧೯೨೪ರಲ್ಲಿ ಪ್ಯಾರಿಸಿನಲ್ಲಿ ಜಾಗತಿಕ ಸಂಘವೂ, ೧೯೫೧ರಲ್ಲಿ ಅಖಿಲಭಾರತ ಚದುರಂಗ ಸಂಘವೂ ಹುಟ್ಟಿದ ಮೇಲೆ ಪಂದ್ಯಗಳಲ್ಲಿ ವಿಕಲ್ಪಕ್ಕೆ ಅವಕಾಶವು ಉಳಿಯಲಿಲ್ಲ.

ಇದರಿಂದ ಲಾಭವಾಯಿತೆಂಬುದನ್ನು ಅಲ್ಲಗಳೆಯಲಾಗದು. ಅಥಣಿಯ ಬಾಲಕಿಯು ಮಾಸ್ಕೋದ ಬಾಲಕಿಯೊಡನೆ ಮಾತಿಲ್ಲದೆ ಆಡಬಲ್ಲಳು. ಆದರೆ ನಷ್ಟವೂ ಆಯಿತು. ಹಿಂದೆ ಬೇರೆ ಊರಿನವರೊಡನೆ ಆಡಲು ಕುಳಿತವನು ಮೊದಲು, "ನಿಮ್ಮಲ್ಲಿ ಹೇಗೆ?" ಎಂದು ಕೇಳಬೇಕಾಗುತ್ತಿತ್ತು. ಆ ಒಂದು ಪ್ರಶ್ನೆಯಲ್ಲಿ ಎದುರಾಳಿಯ ಊರಿಗೂ ಆಚಾರಕ್ಕೂ ಸಲ್ಲುವ ಗೌರವವಿತ್ತು. ನಿಯಮವು ಪುಸ್ತಕದಲ್ಲಿ ಮುದ್ರಿತವಾದ ಮೇಲೆ ಕೇಳುವ ಅಗತ್ಯವು ಹೋಯಿತು. ಕೇಳುವ ಅಭ್ಯಾಸವೂ ಹೋಯಿತು.

೬. ಉಪಸಂಹಾರ

ಈ ಅಭ್ಯಾಸವು ಅನಿರೀಕ್ಷಿತವಾದ ಬೇರೊಂದು ಸ್ಥಳದಲ್ಲಿ ಮರಳಿ ಹುಟ್ಟಿದೆ. ಅಮೆರಿಕದಲ್ಲಿ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ನಮ್ಮ ನಗರಗಳ ತರುಣರೂ ಈಗ ಆಡುತ್ತಾರೆ. ಮೇಜಿನ ಸುತ್ತ ಕುಳಿತು ಒಬ್ಬೊಬ್ಬನು ಒಂದೊಂದು ಪಾತ್ರವನ್ನು ವಹಿಸುತ್ತಾನೆ. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಯಿಸುತ್ತಾನೆ. ಸಂದೇಹವಿದ್ದಲ್ಲಿ ದಾಳವು ತೀರ್ಮಾನಿಸುತ್ತದೆ. ೨೦೧೪ರ ಅದರ ನಿಯಮಪುಸ್ತಕದಲ್ಲಿ ಪಾತ್ರಕ್ಕೆ ವಿಶೇಷ ಕೌಶಲಗಳನ್ನು ಕೊಡುವ ವಿಧಿಯೂ, ಒಂದೇ ಪಾತ್ರವು ಎರಡು ವೃತ್ತಿಗಳನ್ನು ಹಿಡಿಯುವ ವಿಧಿಯೂ ಐಚ್ಛಿಕವೆಂದೇ ಸೂಚಿತವಾಗಿವೆ. ಅನುಮತಿಸುವ ಅಧಿಕಾರವು ಸೂತ್ರಧಾರನದು. ಯಾವುದನ್ನು ಒಪ್ಪಬೇಕೆಂದು ಆ ತರುಣರು ಮೊದಲೇ ಕುಳಿತು ಚರ್ಚಿಸಬೇಕಾಗುತ್ತದೆ. ಅವರ ಸೂತ್ರಧಾರನಿಗೂ ಯಾಜ್ಞವಲ್ಕ್ಯನ ಸಭಿಕನಿಗೂ ಹೆಚ್ಚಿನ ಅಂತರವಿಲ್ಲ: ಒಪ್ಪಿಕೊಂಡಂತೆ ನಡೆಯಬೇಕು, ಸತ್ಯವನ್ನು ನುಡಿಯಬೇಕು.

ಮೇಲಿನ ವಿಚಾರದಿಂದ ನಾಲ್ಕು ಸಂಗತಿಗಳು ಫಲಿಸುತ್ತವೆ. ಏಕಪ್ರಯೋಜನವುಳ್ಳ ವಿಧಿಗಳಲ್ಲಿ ಮಾತ್ರ ವಿಕಲ್ಪವನ್ನು ಒಪ್ಪತಕ್ಕದ್ದು. ಆಟದ ಸ್ವರೂಪವನ್ನೇ ಬದಲಿಸುವ ವಿಧಿಗೆ ಬೇರೆ ಹೆಸರನ್ನಿಡತಕ್ಕದ್ದು. ನಿರ್ಣಯವು ಆರಂಭಕ್ಕೆ ಮೊದಲೇ, ಆಡುವವರ ಒಪ್ಪಿಗೆಯಿಂದ ಆಗತಕ್ಕದ್ದು. ಆರಂಭದ ಅನಂತರ, ಎರಡನೆಯ ವಿಧಿಯು ಎಷ್ಟೇ ಯುಕ್ತವಾಗಿ ಕಂಡರೂ, ಹಿಡಿದುದನ್ನು ಬಿಡಲಾಗದು. ಇವುಗಳನ್ನು ಮೀರಿದ ನಾನಾತ್ವವು ಅವ್ಯವಸ್ಥೆ. ಇವುಗಳೊಳಗಿನ ನಾನಾತ್ವವು ಸಂಪತ್ತು.

ಈ ಸಂಪತ್ತು ಇಂದು ಶೀಘ್ರವಾಗಿ ಕ್ಷೀಣಿಸುತ್ತಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿ ಚೌಕಾಬಾರಾ, ಪಗಡೆ, ಬುದ್ಧಿಬಲಗಳನ್ನು ಬಲ್ಲ ವೃದ್ಧರು ಇನ್ನೂ ಇದ್ದಾರೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮುಖಾಂತರ ಅವರ ನಿಯಮಗಳನ್ನು ಬರೆಯಿಸಿಕೊಳ್ಳಬೇಕೆಂದು ಪ್ರಾರ್ಥನೆ. ಬರೆಯುವಾಗ ಇದು ಸರಿ, ಇದು ತಪ್ಪು ಎಂದು ತಿದ್ದದೆ, ಇಂತಹ ಊರಿನಲ್ಲಿ ಹೀಗೆ ಎಂದು ಪಾಠಾಂತರಗಳಂತೆ ದಾಖಲಿಸಿದರೆ ಸಾಕು. ಹಸ್ತಪ್ರತಿಯ ಪಾಠಾಂತರಗಳಿಗೆ ನಾವು ತೋರಿಸುವ ಆದರಕ್ಕೆ ಪಡಸಾಲೆಯ ಪಾಠಾಂತರಗಳೂ ಪಾತ್ರವಾಗಿವೆ.